ಕೇತಮ್ಮ ಕುಡಿಯದ ನೀರು

ಬಹಳ ಹಿಂದೆ, ಯಾವ ಅರಸನ ಕಾಲ ಅಂತ ಹೇಳುವವರೂ ಸತ್ತುಹೋದಷ್ಟು ಹಿಂದೆ, ಬೆಟ್ಟದ ನಡುವಿನ ಒಂದು ಊರಲ್ಲಿ ಕೇತಮ್ಮ ಅಂತ ಒಬ್ಬಳಿದ್ದಳಂತೆ. ಮಸಾಲೆಗೆ ಹಾಕುತ್ತೀರಲ್ಲ, ಕಲ್ಲುಹೂವು, ಅದನ್ನು ಕೀಳುವುದು ಅವಳ ಕಸುಬು. ಹೆಸರಿಗೆ ಕಲ್ಲಿನದು, ಅಲ್ಲಿ ಬೆಳೆಯುವುದು ಮರದ ತೊಗಟೆ ಮೇಲೆ. ಅಂಗೈಯಗಲ ಹರಡುವಷ್ಟರಲ್ಲಿ ಆಗ ಹುಟ್ಟಿದ ಹೆಣ್ಣು ಮದುವೆಗೆ ಬಂದಿರುತ್ತಾಳೆ, ಅಷ್ಟು ನಿಧಾನ.

ತೊಗಟೆಯ ಮೇಲಿನ ಕೊಡಲಿ ಗುರುತು ಎಷ್ಟು ಹಳೆಯದು ಅಂತ ಆ ಹೂವು ನೋಡಿಯೇ ಹೇಳುತ್ತಿದ್ದಳಂತೆ. ಅಲ್ಲಿ ಜೇನುಮರಕ್ಕೆ ಮೊದಲು ಗುರುತು ಕಡಿದವನದೇ ಮರ. ಹಾಗಾಗಿ ಜಗಳ ಬಂದಲ್ಲೆಲ್ಲ ಕೇತಮ್ಮನಿಗೆ ಕರೆ. ಗೆದ್ದವರು ಮರ ಹತ್ತುತ್ತಿದ್ದರು, ಸೋತವರು ಶಾಪ ಹಾಕುತ್ತಿದ್ದರು, ಇವಳು ಸವೆದ ಮಂಡಿ ಹಿಡಿದುಕೊಂಡು ಮನೆಗೆ ನಡೆಯುತ್ತಿದ್ದಳು. ಮನೆ ಅಂದರೆ ತಮ್ಮ ಬೇದನ ಗುಡಿಸಲು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ.

ಒಂದು ಬೇಸಗೆಯಲ್ಲಿ ಬೇದನದೇ ಜಗಳ ಬಂತು. ಹಳ್ಳದಾಚೆಯ ಜೇನುಮರದಲ್ಲಿ ತನ್ನ ತಾತನ ಗುರುತಿದೆ ಅಂದ. ಆಚೆ ಊರಿನವರು ಇಲ್ಲ ಅಂದರು. ಸುಳ್ಳಾಡಿದವನು ಗುಡಿಸಲು ಕಿತ್ತು ಬೆಟ್ಟ ಬಿಡಬೇಕು, ಅದು ಕಟ್ಟಳೆ.

"ಹಳೇದು ಅಂತ ಒಂದ್ ಮಾತ್ ಅಂದ್ಬುಡಕ್ಕ, ಸಾಕು," ಅಂತ ಬೇದ ದಾರಿಯುದ್ದಕ್ಕೂ ಗೋಗರೆದನಂತೆ. ಅವಳಿಗೆ ಬಿಸಿಲಲ್ಲಿ ಉಸಿರೇ ಸಾಲದು, ಮಾತೆಲ್ಲಿಯದು.

ಮರದ ಬುಡದಲ್ಲಿ ಎರಡೂ ಊರು ಸೇರಿತ್ತು. "ತಮ್ಮನ ಮನೆ ಮುದ್ದೆ ಉಂಡ ಬಾಯಿ. ಇನ್ನೇನ್ ನುಡಿದಾತು ಬುಡ್ರಪ್ಪ!" ಅಂದ ಒಬ್ಬ. ಎಲ್ಲರೂ ನಕ್ಕರು. ನ್ಯಾಯಕ್ಕೆ ಕೂತ ಊರ ಯಜಮಾನ ಕುಡಿಯಲು ಒಂದು ಚೊಂಬು ನೀರು ಕೊಟ್ಟ. ಅವಳು ಚೊಂಬು ಹಿಡಿದುಕೊಂಡೇ ಗುರುತನ್ನು ಮುಟ್ಟಿದಳು. ಗುರುತಿನ ತುಂಬ ಕಲ್ಲುಹೂವು. ಅಂಚಿನಲ್ಲಿ ಜೇನುಮೇಣದ ಅಂಟು. ಮೂಸಿದರೆ ಹೊಗೆ ವಾಸನೆ. ಒಲೆ ಮೇಲೆ ತಾನೇ ಒಣಗಲು ತೂಗುಹಾಕಿದ್ದ ಬುಟ್ಟಿಯ ಹೂವನ್ನೇ ಬೇದ ಹೊಸ ಗುರುತಿನ ಮೇಲೆ ಅಂಟಿಸಿದ್ದಾನೆ ಅಂತ ಅವಳಿಗೆ ತಿಳಿದುಹೋಯಿತು.

ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಬೇಸಗೆಯಲ್ಲಿ ಸತ್ತದ್ದೂ ಬೂದಿಬಣ್ಣ, ಬದುಕಿದ್ದೂ ಬೂದಿಬಣ್ಣ. ತಲೆಯಾಡಿಸಿದ್ದರೆ ಸಾಕಿತ್ತು, ಸಂಜೆಗೆ ತನ್ನ ಚಾಪೆ ಮೇಲೆ ಕಾಲು ಚಾಚಬಹುದಿತ್ತು. ಅವಳು ಒಂದು ಗುಟುಕೂ ಕುಡಿಯದೆ ಚೊಂಬಿನ ನೀರನ್ನೆಲ್ಲ ಮರಕ್ಕೆ ಎರಚಿದಳಂತೆ.

ಜೀವವಿರುವ ಕಲ್ಲುಹೂವಿಗೆ ನೀರು ಬಿದ್ದರೆ ಕಣ್ಣೆದುರೇ ಹಸಿರಾಗುತ್ತದೆ. ತೊಗಟೆಯೆಲ್ಲ ಹಸಿರಾಯಿತು. ಗುರುತಿನ ಮೇಲಿನದು ಮಾತ್ರ ಬೂದಿಯಾಗೇ ಉಳಿಯಿತು.

"ನೀವೇ ನೋಡ್ಕಳಿ. ನನ್ ಬಾಯ್ಗೆ ಸಾಕಾಗೈತೆ," ಅಂದಳಂತೆ.

ಕೂಗಾಟ ಎದ್ದಿತು, ಗೆದ್ದವರು ಆಗಲೇ ಬಳ್ಳಿ ಏಣಿ ತಂದರು. ಅವಳ ಕೈಯ ಖಾಲಿ ಚೊಂಬಿನ ಕಡೆ ಒಬ್ಬರೂ ನೋಡಲಿಲ್ಲವಂತೆ. ಅವತ್ತೇ ಬೇದನ ಗುಡಿಸಲು ಕಿತ್ತರು. ಚಾಪೆ ಸುತ್ತಿಕೊಂಡು ಅವಳೂ ಅವನ ಹಿಂದೆ ಹೊರಟಳು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ ಅನ್ನುತ್ತಾರೆ. ಬಯಲು ಸೇರಿದಳು ಅನ್ನುವವರಿದ್ದಾರೆ, ಬತ್ತಿದ ಹಳ್ಳದಲ್ಲಿ ಕೂತವಳು ಏಳಲೇ ಇಲ್ಲ ಅನ್ನುವವರೂ ಇದ್ದಾರೆ.

ಇವತ್ತಿಗೂ ಆ ಬೆಟ್ಟದಲ್ಲಿ ಮರದ ನ್ಯಾಯಕ್ಕೆ ಕೂತರೆ ಎರಡು ಚೊಂಬು ನೀರು ಇಡುತ್ತಾರೆ. ಒಂದನ್ನು ಮರಕ್ಕೆ ಎರಚುತ್ತಾರೆ. ಇನ್ನೊಂದನ್ನು ಸಾಕ್ಷಿಗೆ ಬಂದವರು ಕುಡಿದು ಮುಗಿಸುವವರೆಗೆ ಯಾರೂ ಏನೂ ಕೇಳುವಂತಿಲ್ಲ.