ಎಂಟನೆಯ ಬಾಣಲೆ

ಪೂಜ್ಯ ಮದರ್ ಅಗ್ನೇಸಮ್ಮನವರು ನಮ್ಮ ರಾಯಪ್ಪನದೊಡ್ಡಿಯಲ್ಲಿ ಮೂವತ್ತೊಂದು ವರ್ಷ ಬಾಳಿದರು. ಅವರ ಕನ್ಯಾಮಠವೆಂದರೆ ಸಮಾಧಿಭೂಮಿಯ ಗೋಡೆಗೆ ಒರಗಿಕೊಂಡ ಎರಡು ಕೋಣೆ, ಮುಂದೆ ಒಂದು ಹೆಂಚಿನ ಜಗಲಿ, ಜಗಲಿಯಲ್ಲಿ ಒಂದು ಬೆಂಚು. ಬೆಂಚಿನ ಒಂದು ಕಾಲು ಗಿಡ್ಡವಾಗಿತ್ತು. ಅದರಡಿ ಚಪ್ಪಟೆ ಕಲ್ಲೊಂದನ್ನು ಇಟ್ಟು ಸರಿಮಾಡಿಕೊಂಡಿದ್ದರು. ಸಂಜೆಯಾದರೆ ಆ ಬೆಂಚಿನ ಮೇಲೆ ಊರಿನ ಹೆಂಗಸರು ಸಾಲಾಗಿ ಕೈಚಾಚಿ ಕೂರುತ್ತಿದ್ದರು.

ನಮ್ಮದು ರೇಷ್ಮೆಯ ಊರು. ಗೂಡುಗಳನ್ನು ಬಾಣಲೆಯ ಕುದಿನೀರಿಗೆ ಹಾಕಿ, ಎಳೆ ಹುಡುಕಿ, ನೂಲು ಬಿಚ್ಚುವ ಕೆಲಸ ಹೆಂಗಸರದು. ದಿನವಿಡೀ ಬಿಸಿನೀರಿನಲ್ಲಿ ಆಡುವ ಕೈ ಸಂಜೆಗೆ ಬೆಳ್ಳಗೆ ಉಬ್ಬಿ, ಬೆರಳ ಸಂದಿಗಳು ಸೀಳಿಕೊಳ್ಳುತ್ತವೆ. ಮದರಮ್ಮನವರು ಕೊಬ್ಬರಿ ಎಣ್ಣೆ, ಜೇನುಮೇಣ, ಅರಿಶಿನ ಕೂಡಿಸಿ ಕಾಯಿಸಿದ ಮುಲಾಮನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಒಂದೊಂದೇ ಬೆರಳಿಗೆ ಹಚ್ಚುತ್ತಿದ್ದರು. ಹಚ್ಚುವಾಗ ಬೋಧನೆ ಮಾಡುತ್ತಿರಲಿಲ್ಲ. ಮಕ್ಕಳ ಹೆಸರು ಕೇಳುತ್ತಿದ್ದರು. ಒಮ್ಮೆ ಕೇಳಿದ ಹೆಸರನ್ನು ಮರೆಯುತ್ತಿರಲಿಲ್ಲ.

ಅವರು ಪವಾಡ ಮಾಡಿದರೆಂದು ಹೇಳುವವರು ನಮ್ಮಲ್ಲಿದ್ದಾರೆ. ನಾನು ಕಂಡಿಲ್ಲ, ಕಾಣದ್ದನ್ನು ಬರೆಯುವುದಿಲ್ಲ. ಕಂಡದ್ದನ್ನು ಮಾತ್ರ ಬರೆಯುತ್ತಿದ್ದೇನೆ. ಅದರಲ್ಲಿ ನನ್ನ ನಡತೆ ಒಳ್ಳೆಯದಾಗಿರಲಿಲ್ಲ.

ಹನ್ನೊಂದನೆಯ ವಯಸ್ಸಿನಲ್ಲಿ ನಾನೂ ಬೇರೆಯವರ ಬಾಣಲೆಯ ಮುಂದೆ ಕುಳಿತವಳು. ಆ ಬೆಂಚಿನ ಮೇಲೆ ನಾನೂ ಕೈಚಾಚಿದ್ದೇನೆ. ಮೂವತ್ತೆಂಟರ ಹೊತ್ತಿಗೆ ನನ್ನದೇ ಶೆಡ್ಡು, ಎಂಟು ಬಾಣಲೆ, ಎಂಟು ಜನ ಹೆಂಗಸರು. ಅಕ್ಷರವನ್ನೂ ಯಾರೂ ಕಲಿಸಲಿಲ್ಲ. ಸಾಮಾನು ಕಟ್ಟಿಕೊಟ್ಟ ಪತ್ರಿಕೆಯ ಹಾಳೆಗಳಿಂದ ಕೂಡಿಸಿ ಕೂಡಿಸಿ ಓದು ಕಲಿತೆ. ಪವಿತ್ರ ಗ್ರಂಥವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಎರಡು ಸಲ ಓದಿದ್ದೆ. ಹತ್ತು ಕಟ್ಟಳೆಗಳನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ದೇವರ ದಿನವನ್ನು ಪವಿತ್ರವಾಗಿ ಆಚರಿಸಬೇಕೆಂಬ ಮೂರನೆಯ ಕಟ್ಟಳೆಯನ್ನಂತೂ ಒಂದು ವಾರವೂ ಮೀರಿದವಳಲ್ಲ ಎಂದು ನನ್ನ ನಂಬಿಕೆ. ಭಾನುವಾರ ಬೆಳಿಗ್ಗೆ ಆರರ ಪೂಜೆಗೆ ಮೊದಲ ಸಾಲಿನಲ್ಲಿರುತ್ತಿದ್ದೆ. ಪೂಜೆ ಮುಗಿಸಿ ಏಳೂವರೆಗೆ ಶೆಡ್ಡಿನ ಬಾಗಿಲು ತೆಗೆಯುತ್ತಿದ್ದೆ.

ಹೆಂಗಸರಿಗೆ ಮಾತ್ರ ಮನೆಯ ನೀರು, ಅಡುಗೆ ಮುಗಿಸಿ ಆರರ ಪೂಜೆಗೆ ಬರಲಾಗುತ್ತಿರಲಿಲ್ಲ. ಎಂಟೂವರೆಯ ದೊಡ್ಡ ಪೂಜೆಯ ಹೊತ್ತಿಗೆ ಅವರು ನನ್ನ ಬಾಣಲೆಗಳ ಮುಂದೆ ಇರುತ್ತಿದ್ದರು.

ಎಂಟನೆಯ ಬಾಣಲೆ, ಗೋಡೆಯ ಪಕ್ಕದ್ದು, ಲೂರ್ದಮ್ಮನದು. ಗಂಡ ತೀರಿಕೊಂಡಿದ್ದ. ಸೆಲಿನ ಎಂಬ ಒಬ್ಬಳೇ ಮಗಳು. ಆ ವರ್ಷ ಪರಮಪ್ರಸಾದದ ಹಬ್ಬದ ಭಾನುವಾರ ಆ ಮಗು ಪೂಜೆಯಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ಪ್ರಥಮ ಪರಮಪ್ರಸಾದ ಎಂದು ಗೊತ್ತುಮಾಡಿದ್ದರು. ಅಂದು ಎರಡು ಗಂಟೆ ಬಿಡುವು ಸಿಗುತ್ತದೆಯೇ ಎಂದು ನನ್ನನ್ನು ಕೇಳಲು ಲೂರ್ದಮ್ಮನಿಗೆ ಧೈರ್ಯ ಬಂದಿಲ್ಲ. ಬೆಂಚಿನ ಮೇಲೆ ಕುಳಿತು ಮದರಮ್ಮನವರ ಹತ್ತಿರ ಹೇಳಿಕೊಂಡಿದ್ದಾಳೆ.

ಒಂದು ಶನಿವಾರ ಮದರಮ್ಮನವರು ಶೆಡ್ಡಿಗೆ ದಯಮಾಡಿಸಿದರು. ಭಾನುವಾರ ಬಾಗಿಲು ಮುಚ್ಚಬಾರದೇ ಎಂದು ಕೇಳಿದರು. ಗೂಡು ಕಾಯುವುದಿಲ್ಲ, ಚಿಟ್ಟೆ ಒಡೆದು ಹೊರಬಂದರೆ ನೂಲು ಹಾಳು ಎಂದೆ. ಅವರು ನಕ್ಕರು. ಮಠ ಸೇರುವ ಮೊದಲು ಅವರೂ ನೂಲು ಬಿಚ್ಚಿದವರು. ಹಬೆಗೆ ಹಾಕಿ ಒಣಗಿಸಿದ ಗೂಡು ವಾರಗಟ್ಟಲೆ ಕಾಯುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಆಗ ನಾನು ಬೇರೆ ಮಾತು ತೆಗೆದೆ. ಆ ಕಟ್ಟಳೆ ಕುರಿ ಕಾಯುವ ಕಾಲದ್ದು, ಈ ಕಾಲಕ್ಕೆ ಪೂಜೆ ತಪ್ಪಿಸದಿದ್ದರೆ ಸಾಕು ಎಂದೆ. ನನಗೆ ಯಾರೂ ಭಾನುವಾರ ಬಿಡುವು ಕೊಡಲಿಲ್ಲ, ನಾನು ಮೇಲೆ ಬರಲಿಲ್ಲವೇ ಎಂದೂ ಕೇಳಿದೆ.

ಅವರು ಎಂಟು ಬಾಣಲೆಗಳನ್ನು ಒಮ್ಮೆ ನೋಡಿ ಹೊರಟರು.

ಮರುದಿನ, ಪ್ರಭು ಪುನರುತ್ಥಾನರಾದ ಪಾಸ್ಕ ಹಬ್ಬ ಕಳೆದು ಎರಡನೆಯ ಭಾನುವಾರ, ಎಂಟು ಗಂಟೆಗೆ ಬಂದರು. ಮೊದಲ ಬಾಣಲೆಯ ಹೆಂಗಸನ್ನು ಎಬ್ಬಿಸಿ, ಪೂಜೆ ಮುಗಿಸಿಕೊಂಡು ಬಾ ಎಂದು ಕಳಿಸಿ, ತೋಳು ಮೇಲೆ ಮಡಚಿ ತಾವೇ ಮಣೆಯ ಮೇಲೆ ಕುಳಿತರು. ಎಪ್ಪತ್ತೆರಡು ವರ್ಷ ಅವರಿಗೆ. ಬೆರಳುಗಳು ಕೆಲಸವನ್ನು ಮರೆತಿರಲಿಲ್ಲ. ಎಳೆ ಹುಡುಕಿ ಸೇರಿಸುವುದನ್ನು ನೋಡಿದರೆ ನಿನ್ನೆ ಬಿಟ್ಟುಹೋದವರಂತೆ ಇತ್ತು.

ಮಠದವರಿಗೆ ಇಲ್ಲಿ ಕೂಲಿ ಇಲ್ಲ ಮದರಮ್ಮ ಎಂದು ನಾನು ಚೇಷ್ಟೆ ಮಾಡಿದೆ. ಊಟ ಹಾಕುತ್ತೀಯಲ್ಲ ಎಂದರು. ಹೆಂಗಸರು ತಲೆ ತಗ್ಗಿಸಿ ನಕ್ಕರು. ನೂಲು ನಿಲ್ಲಲಿಲ್ಲವಾದ್ದರಿಂದ ನಾನೂ ತಡೆಯಲಿಲ್ಲ. ಒಂದು ವಾರಕ್ಕೆ ದಣಿಯುತ್ತಾರೆ ಎಂದುಕೊಂಡೆ.

ಮುಂದಿನ ವಾರ ಎರಡನೆಯ ಬಾಣಲೆ. ಮೂರನೆಯ ಭಾನುವಾರ ಮೂರನೆಯದು. ಅದು ಜಯಮ್ಮನದು. ಅವಳು ನಮ್ಮ ಸಭೆಯವಳಲ್ಲ, ಹೋಗಲು ಪೂಜೆಯಿಲ್ಲ. ಆದರೂ ಅವಳನ್ನು ಎಬ್ಬಿಸಿ, ಮನೆಗೆ ಹೋಗಿ ಕಾಲು ಚಾಚಿ ಮಲಗು ಎಂದು ಕಳಿಸಿದರು. ಅದನ್ನು ನನಗೆ ಸಹಿಸಲಾಗಲಿಲ್ಲ. ಕಟ್ಟಳೆ ಮುರಿಯುವವರು ಈಗ ಯಾರು, ನಾನೋ ನೀವೋ, ಭಾನುವಾರ ಬಾಣಲೆಗೆ ಕೈ ಹಾಕಿ ಕೂತಿರುವವರು ಮಠದ ಅಮ್ಮನವರಲ್ಲವೇ ಎಂದು ಎಲ್ಲರ ಮುಂದೆ ಕೇಳಿದೆ.

ಅವರು ನೀರಿನಿಂದ ಕಣ್ಣೆತ್ತದೆ ಹೇಳಿದರು:

“ಕಟ್ಟಳೆ ನಿನಗೆ ಕೊಟ್ಟದ್ದು, ಪೌಲಿನ. ವಿಶ್ರಾಂತಿ ಇವರಿಗೆ ಕೊಟ್ಟದ್ದು. ಮನೆಗೆ ಹೋಗಿ ಇನ್ನೊಮ್ಮೆ ಓದು.”

ಓದಿದೆ, ಸೋಲಲು ಮನಸ್ಸಿಲ್ಲದೆ ಓದಿದೆ. ಮೋಶೆಯ ಕೈಗೆ ದೇವರು ಕೊಟ್ಟ ಮಾತು ಚಿಕ್ಕದಲ್ಲ. ಕೆಲಸ ಮಾಡಬಾರದವರ ಪಟ್ಟಿ ನನ್ನಿಂದ ಶುರುವಾಗಿ ಮಗ, ಮಗಳು, ಆಳು, ಕೆಲಸದವಳು, ದನಕರುಗಳ ಮೇಲೆ ಹಾದು, ನನ್ನ ಬಾಗಿಲೊಳಗಿರುವ ಪರದೇಶಿಯವರೆಗೆ ಹೋಗುತ್ತದೆ. ಎರಡು ಸಲ ಓದಿದವಳು ನಾನು. ಎರಡು ಸಲವೂ ನನ್ನ ಹೆಸರಿನ ಹತ್ತಿರವೇ ನಿಂತು, ಉಳಿದದ್ದನ್ನು ದಾಟಿಕೊಂಡು ಹೋಗಿದ್ದೆ. ಗ್ರಂಥವನ್ನು ಮುಚ್ಚಿಟ್ಟೆ. ತಿಳಿಯಲಿಲ್ಲವೆಂದಲ್ಲ. ಎಂಟು ಜನರ ಮುಂದೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ನನ್ನಿಂದಾಗಲಿಲ್ಲ.

ನಾಲ್ಕು, ಐದು, ಆರು. ಏಳನೆಯ ಭಾನುವಾರದ ಹೊತ್ತಿಗೆ ಅವರ ಬಲಗೈಯ ಬೆರಳುಗಳು ಸಿಪ್ಪೆ ಸುಲಿದಂತಾಗಿದ್ದವು. ಹೆಂಗಸರು ಅಳುತ್ತಾ ಬೇಡವೆಂದರು. ಇನ್ನೊಂದೇ ಭಾನುವಾರ ಎಂದರು ಅವರು. ಆಗ ನನಗೆ ಲೆಕ್ಕ ಹೊಳೆಯಿತು. ಪರಮಪ್ರಸಾದದ ಹಬ್ಬದಿಂದ ಹಿಂದಕ್ಕೆ ಎಂಟು ಭಾನುವಾರ ಎಣಿಸಿಯೇ ಅವರು ಮೊದಲ ಬಾಣಲೆಯಲ್ಲಿ ಕುಳಿತಿದ್ದರು. ಹಬ್ಬದ ದಿನ ಸರದಿ ತಾನಾಗಿ ಲೂರ್ದಮ್ಮನಿಗೆ ಬರುತ್ತಿತ್ತು. ಅವಳಿಗೊಬ್ಬಳಿಗೆ ಹೆಚ್ಚು ಮಾಡಿದರೆಂದು ಯಾರೂ ಆಡುವಂತಿರಲಿಲ್ಲ.

ಹಬ್ಬದ ಹಿಂದಿನ ಗುರುವಾರ ಅವರ ಕೈ ಮಣಿಕಟ್ಟಿನವರೆಗೆ ಊದಿಕೊಂಡು ಜ್ವರ ಬಂತು. ಡಾಕ್ಟರು ಮಂಚ ಬಿಟ್ಟು ಏಳಬಾರದೆಂದು ಕಟ್ಟುನಿಟ್ಟು ಮಾಡಿದರು. ನನಗೆ ಸುದ್ದಿ ಬಂದಿತ್ತು.

ಹಬ್ಬದ ಬೆಳಿಗ್ಗೆ ಲೂರ್ದಮ್ಮ ಮದುವೆಯ ನೀಲಿ ಸೀರೆ ಉಟ್ಟು, ಕೆಲಸದ ಹಳೆಯ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಬಂದಳು. ಮಗುವನ್ನು ಅಜ್ಜಿಯ ಜೊತೆ ಚರ್ಚಿಗೆ ಕಳಿಸಿದ್ದಳು. ಎಂಟು ಹೊಡೆಯಿತು. ಬಾಗಿಲಿಗೆ ಯಾರೂ ಬರಲಿಲ್ಲ. ಚರ್ಚಿನ ಮೊದಲ ಗಂಟೆ ಕೇಳಿತು. ಅವಳು ನನ್ನ ಕಡೆ ಒಮ್ಮೆ ನೋಡಿ, ಚೀಲದಿಂದ ಹಳೆಯ ಸೀರೆ ತೆಗೆದಳು.

ಜಯಮ್ಮ ತಡೆಯಲಾರದೆ ಅಂದಳು, “ಕಳಿಸಿಬಿಡಿ ಅಮ್ಮಾವ್ರೇ. ಅವಳ ಬಾಣಲೆನೂ ನಾನೇ ನೋಡ್ಕೋತೀನಿ.”

“ನಿನಗೇನು ನಾಲ್ಕು ಕೈ ಇದೆಯೇನೇ?” ಎಂದೆ ನಾನು. “ಮದರಮ್ಮ ಬಂದು ಕೂತರೆ ಕಳಿಸ್ತೀನಿ. ಕೂರುವವರೇ ಇಲ್ಲ, ನಾನೇನು ಮಾಡಲಿ?”

ಲೂರ್ದಮ್ಮ ಸೀರೆ ಬದಲಿಸಿ ಬಂದು ಕುಳಿತಳು. ಎರಡನೆಯ ಗಂಟೆಯೂ ಆಯಿತು.

ಪೂಜೆ ಮುಗಿದ ಮೇಲೆ, ಹೊಸದಾಗಿ ಪರಮಪ್ರಸಾದ ಪಡೆದ ಮಕ್ಕಳು ಹಿರಿಯರ ಮುಂದೆ ಮೊಣಕಾಲೂರಿ ಆಶೀರ್ವಾದ ಪಡೆಯುವುದು ನಮ್ಮಲ್ಲಿ ರೂಢಿ. ತಾಯಿ ಮೊದಲು. ಸೆಲಿನ ಬಿಳಿಯ ಉಡುಪು ತೊಟ್ಟು, ತಲೆಯ ಮೇಲೆ ಬಿಳಿಯ ಹೂವಿನ ದಂಡೆ ಮುಡಿದು, ಕೈಯಲ್ಲಿ ಆರಿದ ಮೇಣದ ಬತ್ತಿ ಹಿಡಿದು ಅಜ್ಜಿಯ ಜೊತೆ ನೇರವಾಗಿ ಶೆಡ್ಡಿಗೆ ಬಂದಳು. ಬೆಂದ ಹುಳುವಿನ ನಾತಕ್ಕೆ ಮೂಗು ಸಹ ಮುಚ್ಚಲಿಲ್ಲ. ಒದ್ದೆ ನೆಲದಲ್ಲಿ ಉಡುಪನ್ನು ಮೇಲೆತ್ತಿಕೊಂಡು ಎಂಟನೆಯ ಬಾಣಲೆಯ ಮುಂದೆ ಮೊಣಕಾಲೂರಿದಳು.

ತಲೆಯ ಮೇಲೆ ಕೈಯಿಡಬೇಕು. ಲೂರ್ದಮ್ಮನ ಎರಡೂ ಕೈಯಿಂದ ಬಾಣಲೆಯ ಕಂದು ನೀರು ತೊಟ್ಟಿಕ್ಕುತ್ತಿತ್ತು. ಆ ನಾತ ತೊಳೆದರೂ ಒಂದು ದಿನ ಹೋಗುವುದಿಲ್ಲ. ಅವಳು ಕೈ ಚಾಚಿದಳು, ಬಿಳಿಯ ಹೂವನ್ನು ನೋಡಿದಳು, ಕೈ ಹಿಂದೆ ತೆಗೆದುಕೊಂಡಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ತನ್ನ ಹಣೆಯನ್ನು ಮಗುವಿನ ಹಣೆಗೆ ಮುಟ್ಟಿಸಿದಳು.

ಏಳು ಬಾಣಲೆಗಳ ಹೆಂಗಸರೂ ಕೈ ನಿಲ್ಲಿಸಿದರು. ಎಳೆಗಳು ಕಡಿದುಕೊಂಡವು. ನಾನು ಯಾರನ್ನೂ ಗದರಲಿಲ್ಲ.

ಮಧ್ಯಾಹ್ನ ನಾನು ಮಠಕ್ಕೆ ಹೋದೆ. ಯಾಕೆ ಹೋದೆನೆಂದು ಇಂದಿಗೂ ಸರಿಯಾಗಿ ಹೇಳಲಾರೆ. ನೀವೇ ಆಸೆ ಹುಟ್ಟಿಸಿ ನೀವೇ ಬರಲಿಲ್ಲ ಎಂದು ಜಗಳವಾಡಲು ಹೋದೆನೆಂದೇ ಕಾಣುತ್ತದೆ. ಮದರಮ್ಮನವರು ಗೋಡೆಗೆ ಒರಗಿ ಕುಳಿತಿದ್ದರು. ಕಟ್ಟು ಕಟ್ಟಿದ ಕೈ ದಿಂಬಿನ ಮೇಲಿತ್ತು. ನನ್ನನ್ನು ಕಂಡೊಡನೆ, ಲೂರ್ದು ಹೋದಳಾ ಎಂದು ಕೇಳಿದರು. ಅವಳ ಜಾಗದಲ್ಲಿ ಕೂರುವವರು ಯಾರೂ ಇರಲಿಲ್ಲ ಎಂದೆ.

ಅವರು ನನ್ನ ಕೈಗಳನ್ನು ನೋಡಿದರು. ಹನ್ನೊಂದನೆಯ ವಯಸ್ಸಿನಿಂದ ಅವರಿಗೆ ಗೊತ್ತಿದ್ದ ಕೈಗಳು.

“ನೀನಿದ್ದೆಯಲ್ಲ, ಪೌಲಿನ” ಎಂದರು.

ಗದರಿಸಲಿಲ್ಲ. ದನಿಯಲ್ಲಿ ದುಃಖವಿತ್ತು. ರಾಯಪ್ಪನದೊಡ್ಡಿಯಲ್ಲಿ ನನ್ನಷ್ಟು ಚೆನ್ನಾಗಿ ನೂಲು ಬಿಚ್ಚುವವರು ಬೇರೆ ಇರಲಿಲ್ಲ. ಎರಡು ಗಂಟೆ ಆ ಮಣೆಯ ಮೇಲೆ ನಾನು ಕೂತಿದ್ದರೆ ಸಾಕಿತ್ತು. ಅದು ಮನಸ್ಸಿಗೆ ಬಂದೂ ನಾನು ಬೇಡವೆಂದಿದ್ದರೆ ಬೇರೆ ಮಾತು. ನನಗೆ ಹೊಳೆಯಲೇ ಇಲ್ಲ.

ನಾನು ಕಣ್ಣೀರು ಹಾಕುವವಳಲ್ಲ. ಅಂದು ಹಾಕಿದೆ. ಅವರು ಎಡಗೈಯಿಂದ ನನ್ನ ತಲೆ ಸವರಿ, ಚಿಕ್ಕವಳಿದ್ದಾಗ ಒಂದು ಕ್ರಿಸ್ಮಸ್ಸಿನ ದಿನ ಪೂಜೆಗೆ ಬಿಡಲಿಲ್ಲವೆಂದು ಆ ಬೆಂಚಿನ ಮೇಲೆ ನೀನು ಹೀಗೆಯೇ ಅತ್ತಿದ್ದೆ, ಮರೆತೆಯಾ ಎಂದು ಕೇಳಿದರು. ಮರೆತಿದ್ದೆ. ಯಾರೂ ಬಿಡುವು ಕೊಡಲಿಲ್ಲವೆಂಬುದು ನೆನಪಿತ್ತು, ಅತ್ತದ್ದು ನೆನಪಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಎಂಟನೆಯ ಬಾಣಲೆಯ ಮುಂದೆ ಕುಳಿತು, ಲೂರ್ದಮ್ಮನಿಗೆ ಮನೆಗೆ ಹೋಗಿ ಮಗಳ ಜೊತೆ ಇರು ಎಂದೆ. ಅವಳು ಮಣೆಯ ಪಕ್ಕದಲ್ಲೇ ನಿಂತಳು.

“ಇವತ್ಯಾಕಮ್ಮಾ?” ಎಂದಳು ಮೆಲ್ಲಗೆ. “ಮಗು ಸ್ಕೂಲಿಗೆ ಹೋಗಿದೆ.”

ನಾನು ಮಣೆ ಬಿಟ್ಟು ಎದ್ದೆ.

ಮುಂದಿನ ಭಾನುವಾರದಿಂದ ನಮ್ಮ ಶೆಡ್ಡಿನ ಬಾಗಿಲು ಮುಚ್ಚಿತು. ಇಪ್ಪತ್ತೊಂದು ವರ್ಷವಾಯಿತು, ಒಂದು ಭಾನುವಾರವೂ ತೆಗೆದಿಲ್ಲ. ಮದರಮ್ಮನವರ ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಅವರು ಎಡಗೈಯಲ್ಲಿ ಮುಲಾಮು ಹಚ್ಚುವುದನ್ನು ಕಲಿತು, ಇನ್ನೂ ಎರಡು ವರ್ಷ ಹಚ್ಚಿ, ಪಾಸ್ಕಕ್ಕೆ ಮುಂಚಿನ ಒಂದು ತಪಸ್ಸುಕಾಲದಲ್ಲಿ ಪ್ರಭುವಿನ ಪಾದ ಸೇರಿದರು. ಆ ಬೆರಳುಗಳ ಬಗ್ಗೆ ನನ್ನ ಹತ್ತಿರ ಒಂದು ದಿನವೂ ಮಾತೆತ್ತಲಿಲ್ಲ.

ಹೋದ ವರ್ಷ ಸೆಲಿನಳ ಮದುವೆ. ಸೀರೆ ಕೊಡಲು ಅವರ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಪ್ರಥಮ ಪರಮಪ್ರಸಾದದ ದಿನದ ಫೋಟೋ ಇತ್ತು. ಚರ್ಚಿನ ಮೆಟ್ಟಿಲ ಮೇಲೆ ಮಗು, ಅದರ ಎಡಕ್ಕೆ ಅಜ್ಜಿ. ಬಲಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಫೋಟೋ ಯಾಕೆ ಹೀಗೆ ಓರೆಯಾಗಿ ತೆಗೆದಿದ್ದಾರೆ ಎಂದು ಕೇಳಿದೆ.

ಲೂರ್ದಮ್ಮ ನಗುತ್ತಲೇ ಹೇಳಿದಳು. ಫೋಟೋದವನು ನಡುವೆ ಬಂದು ನಿಲ್ಲು ಎಂದು ಎಷ್ಟು ಹೇಳಿದರೂ ಇವಳು ಕೇಳಲಿಲ್ಲವಂತೆ. ಅಮ್ಮ ಬರ್ತಾಳೆ, ಜಾಗ ಬಿಡಿ ಎಂದು ಹಠ ಹಿಡಿದಳಂತೆ.

ಈಗ ಶನಿವಾರ ಸಂಜೆ ಒಲೆಯ ಬೆಂಕಿಯನ್ನು ನಾನೇ ಆರಿಸುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ. ಹೆಂಗಸರೆಲ್ಲ ಹೋದ ಮೇಲೆ ಎಂಟನೆಯ ಬಾಣಲೆಯ ಮುಂದಿನ ಮಣೆಯ ಮೇಲೆ ಕೂರುತ್ತೇನೆ. ಮದರಮ್ಮನವರ ಆತ್ಮಕ್ಕಾಗಿ ಒಂದು ಜಪ ಹೇಳಿ, ನೀರು ತಣ್ಣಗಾಗುವವರೆಗೂ ಅಲ್ಲೇ ಇರುತ್ತೇನೆ. ಕೂರಬೇಕಾಗಿದ್ದ ದಿನ ಕೂರಲಿಲ್ಲ.