ಮರುಪದ್ಯದ ದಿಣ್ಣೆ

ಜಪಾನಿನ ಹಳೆಯ ರಾಜಧಾನಿಯಿಂದ ಉತ್ತರದ ಗಡಿಗೆ ಹೋಗುವ ದಾರಿ ಬಿದಿರುಮೆಳೆಗಳನ್ನು ದಾಟಿ ಏರತೊಡಗುವಲ್ಲಿ ಒಂದು ದಿಣ್ಣೆಯಿದೆ. ಈಗ ಹೆದ್ದಾರಿ ಬೇರೆ ಕಡೆ ಹಾದುಹೋಗಿರುವುದರಿಂದ ಇತ್ತ ಬರುವವರು ಕಡಿಮೆ. ಗಾಳಿಯ ಸದ್ದು ಬಿಟ್ಟರೆ ಇನ್ನೇನೂ ಕೇಳದು. ಊರವರು ಇದನ್ನು ಕಾಯೆಶಿ ದಿಣ್ಣೆ, ಅಂದರೆ ಮರುಪದ್ಯದ ದಿಣ್ಣೆ ಎನ್ನುತ್ತಾರೆ.

ಹಿಂದೆ ಒಮ್ಮೆ ಆ ರಾಜಧಾನಿಯ ಅರಮನೆಯಲ್ಲಿ ಹಗಿನೊ ಎಂಬ ಕವಯಿತ್ರಿ ಇದ್ದಳು. ಐದು ಸಾಲಿನ ಪದ್ಯ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ತಿದ್ದುವ ಚಟ. ಒಂದು ಪದ ಸರಿಯಾಗಿ ಕೂರದಿದ್ದರೆ ಅವಳಿಗೆ ಅನ್ನ ಸೇರದು. ಆ ಕಾಲದ ಆಸ್ಥಾನದಲ್ಲಿ ಪ್ರೀತಿಯ ಮಾತನ್ನು ಪದ್ಯದಲ್ಲೇ ಆಡಬೇಕಿತ್ತು. ಹೂಬಿಟ್ಟ ಕೊಂಬೆಗೆ ಕಟ್ಟಿ ಕಳಿಸಿದ ಪದ್ಯಕ್ಕೆ, ತಂದವನು ಬಾಗಿಲಲ್ಲಿ ನಿಂತಿರುವಾಗಲೇ ಮರುಪದ್ಯ ಕೊಡಬೇಕು. ಅವನನ್ನು ಬರಿಗೈಯಲ್ಲಿ ಕಳಿಸಿದರೆ ಒಲ್ಲೆನೆಂದೇ ಅರ್ಥ. ಕಾವಲುಪಡೆಯ ಮೊರಿತ್ಸುನೆ ಗಡಿಗೆ ಹೊರಡುವ ದಿನ, ‘ನನಗಾಗಿ ಕಾಯುವೆಯಾ’ ಎಂದು ಕೇಳುವ ಪದ್ಯವನ್ನು ಅವಳಿಗೆ ಕಳಿಸಿದ. ಹಗಿನೊಳ ಎದೆ ತುಂಬಿಬಂತು. ನಾಲ್ಕು ಸಾಲು ಸರಾಗವಾಗಿ ಇಳಿದವು. ಕೊನೆಯದು ಮನಸ್ಸಿಗೆ ಹಿಡಿಸಲಿಲ್ಲ.

“ಅಮ್ಮಾ, ಹೇಗಿದೆಯೋ ಹಾಗೇ ಕೊಡಿ. ಒಡೆಯರು ಕುದುರೆ ಏರುವ ಹೊತ್ತಾಯ್ತು,” ಎಂದು ಆಳು ಅಂಗಲಾಚಿದ.

“ಕುಂಟುವ ಪದ್ಯ ಕೊಡಲೇ ಅವರಿಗೆ? ಸಂಜೆಗೆ ಬಾರಪ್ಪ,” ಎಂದಳು ಹಗಿನೊ.

ಸಂಜೆಯೊಳಗೆ ಪಡೆ ಹೊರಟುಹೋಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹಾಗಾಯಿತು ಅವಳು ಈ ದಿಣ್ಣೆಯವರೆಗೆ ಓಡಿಬಂದದ್ದು. ಒಲ್ಲೆನೆಂದೇ ತಿಳಿದು ಹೋದನಲ್ಲ ಎಂಬ ಕೊರಗಿನಲ್ಲಿ ಅರಮನೆ ಬಿಟ್ಟು ಇಲ್ಲೇ ಗುಡಿಸಲು ಹಾಕಿದಳು. ಹಿಮ ಬೀಳುವ ತಿಂಗಳುಗಳಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಗಡಿಗೆ ಹೋಗುವ ಯಾರ ಕೈಯಲ್ಲಾದರೂ ಪದ್ಯ ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹುಟ್ಟುಗುಣ ಸುಟ್ಟರೂ ಹೋಗದು. ಇಷ್ಟು ತಡವಾದ ಮೇಲೆ ಇನ್ನೂ ಚೆನ್ನಾಗಿರಬೇಕೆಂದು ಅವಳು ಆ ಸಾಲನ್ನು ತಿದ್ದುತ್ತಲೇ ಇದ್ದಳು, ತಲೆ ನರೆಯುವವರೆಗೂ.

ಕೊನೆಗೊಮ್ಮೆ ಗಡಿಯಿಂದ ಬಂದ ಮುದಿ ಸಿಪಾಯಿಯೊಬ್ಬನನ್ನು ಮೊರಿತ್ಸುನೆಯ ಹೆಸರು ಹಿಡಿದು ಕೇಳಿದಳು.

“ಹೋದ ವರ್ಷವಷ್ಟೇ ತೀರಿಕೊಂಡರು ತಾಯಿ,” ಎಂದ ಅವನು. “ಮದುವೆ ಮಾಡಿಕೊಳ್ಳಿ ಅಂದರೆ ನಗೋರು. ‘ಅವಳು ಒಲ್ಲೆ ಅಂದಿಲ್ಲ ಕಣಯ್ಯಾ, ತಿದ್ದುತ್ತಾ ಕೂತಿರ್ತಾಳೆ, ಬರುತ್ತೆ’ ಅನ್ನೋರು. ರಾಜಧಾನಿಯಿಂದ ಯಾರೇ ಬಂದರೂ ಮೊದಲು ಅವರ ಕೈ ನೋಡೋರು.”

ಹಗಿನೊ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ, ಮೊದಲ ದಿನ ಹೇಗೆ ಬಂದಿತ್ತೋ ಹಾಗೆಯೇ ಆ ಪದ್ಯವನ್ನು ಬರೆದು, ದಿಣ್ಣೆಯ ಮೇಲಿನ ಮರಕ್ಕೆ ಕಟ್ಟಿದಳು ಎನ್ನುತ್ತಾರೆ.

ಇಂದಿಗೂ ಇಲ್ಲಿಗೆ ಬರುವವರು ತಾವು ಹೇಳದೆ ಉಳಿಸಿಕೊಂಡ ಮಾತನ್ನು ಕಾಗದದಲ್ಲಿ ಬರೆದು ಆ ಮರಕ್ಕೆ ಕಟ್ಟುತ್ತಾರೆ. ಬರೆದದ್ದನ್ನು ತಿದ್ದುವಂತಿಲ್ಲ, ಅದೊಂದೇ ಕಟ್ಟಳೆ. ಹತ್ತಿರ ಹೋಗಿ ನೋಡಿದರೆ ತಪ್ಪಕ್ಷರಗಳು, ಹರಡಿದ ಮಸಿ, ಅರ್ಧಕ್ಕೇ ನಿಂತ ಸಾಲುಗಳು. ಒಂದನ್ನೂ ಯಾರೂ ಬಿಚ್ಚಿ ಸರಿಪಡಿಸುವುದಿಲ್ಲ.