ಸಾಕಮ್ಮನ ಮೂವರು ಯೋಗಿಗಳು

ಹೊದ್ಕೊಂಡು ಮಲಗು, ಹ್ಞೂಂ ಅಂತಿರು. ಒಂದಾನೊಂದು ಕಾಲದಲ್ಲಿ, ಕತ್ತಲಾದ್ರೆ ಎಣ್ಣೆ ದೀಪವೊಂದೇ ಗತಿ ಅನ್ನೋ ಕಾಲದಲ್ಲಿ, ಒಂದೂರಲ್ಲಿ ಸಾಕಮ್ಮ ಅಂತ ಗಾಣದ ಹೆಂಗಸು ಇದ್ಲಂತೆ. ಗಂಡ ತೀರ್ಕೊಂಡಿದ್ದ. ಮನೆ ಮುಂದೆ ಒಂದು ಕಲ್ಲುಗಾಣ, ಅದನ್ನ ಸುತ್ತೋಕೆ ಕೆಂಚ ಅಂತ ಒಂದು ಮುದಿ ಎತ್ತು, ಜೊತೆಗೆ ಮೂರು ಜನ ಗಂಡುಮಕ್ಕಳು, ಮಾದ, ಸಿದ್ದ, ನಿಂಗ. ಮೂವರೂ ಎಳ್ಳು ಹುಯ್ದು, ಎತ್ತು ಹೊಡೆದು, ಎಣ್ಣೆ ಇಳಿಸಿ ಅಮ್ಮನ ಜೊತೆ ದುಡೀತಿದ್ರಂತೆ.

ಹಿಂಗಿರ್ಬೇಕಾದ್ರೆ ಊರ ಹಿಂದಿನ ಗುಡ್ಡಕ್ಕೆ ಒಬ್ಬ ಯೋಗಿ ಬಂದು ನೆಲೆ ನಿಂತ್ನಂತೆ. ಮಕ್ಕಳು ಒಳ್ಳೇದು ಕಲಿತ್ಕೊಂಡು ಬರ್ಲಿ ಅಂತ ಸಾಕಮ್ಮನೇ ರೊಟ್ಟಿ ಕಟ್ಟಿಕೊಟ್ಟು ಕಳಿಸಿದ್ಲು. ಒಂದಷ್ಟು ದಿನ ಕಳೀತು, ಆಮೇಲೆ ಬಂದ್ರು ನೋಡು ಮೂವರೂ, ಮುಖದ ತುಂಬ ಶಾಂತಿ ಬಳ್ಕೊಂಡು. ಮಾದ ಮೌನ ಹಿಡಿದಿದ್ನಂತೆ. ಸಿದ್ದ ಯಾವ ಜೀವಕ್ಕೂ ನೋವು ಮಾಡಲ್ಲ ಅಂತ ಅಹಿಂಸೆ ಹಿಡಿದಿದ್ನಂತೆ. ನಿಂಗ ಧ್ಯಾನ ಹಿಡಿದು, ಜಗುಲಿ ಮೇಲೆ ಕಣ್ಣು ಮುಚ್ಕೊಂಡು ಕೂತ್ನಂತೆ, ಊಟದ ಹೊತ್ತಿಗೆ ಮಾತ್ರ ಸರಿಯಾಗಿ ಕಣ್ಣು ಬಿಡೋನು. ಕೋಪ ಬರುತ್ತಾ ಇಲ್ವಾ ಹೇಳು. ನಿಮ್ಮಪ್ಪ ಬೆಳಿಗ್ಗೆ ಚಾಪೆ ಹಾಸ್ಕೊಂಡು ಕೂರ್ತಾನಲ್ಲ, ಅವನ ಸುದ್ದಿ ಅಲ್ಲ ಇದು, ಸುಮ್ನೆ ಕೇಳು.

ಒಂದಿನ ಪಕ್ಕದ ಬೀದಿಯ ಬಾಣಂತಿ ಗೌರಿ ಮನೆಯವರು ಎಣ್ಣೆ ಕೇಳಿ ಕಳಿಸಿದ್ರಂತೆ. ತಾಯಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರು ಹಾಕ್ಬೇಕು, ಗಾಣದ ಮನೇಲೇ ಅವತ್ತು ಒಂದು ತೊಟ್ಟು ಎಣ್ಣೆ ಇಲ್ಲ. ಸಾಕಮ್ಮ ಗಾಣದ ಒರಳಿಗೆ ಎಳ್ಳು ಸುರಿದು ತಿರುಗಿ ನೋಡ್ತಾಳೆ, ಕೆಂಚ ಇಲ್ಲ, ಗೂಟದಲ್ಲಿ ಬರೀ ಹಗ್ಗ ಇದೆ. ಸಿದ್ದ ಬಿಚ್ಚಿ ಬಿಟ್ಟಿದ್ದ. ನೊಗ ಹೊರಿಸೋದು ಹಿಂಸೆ ಕಣಮ್ಮ, ಅದೂ ಒಂದು ಜೀವ ತಾನೆ ಅಂದ್ನಂತೆ. ಎತ್ತ ಕಡೆ ಹೋಯ್ತೋ ಅಂತ ಮಾದನ್ನ ಕೇಳಿದ್ಲು. ಅವನು ನೋಡಿದ್ದ, ಆದ್ರೆ ಮೌನ ಅಲ್ವಾ, ಕೈ ತೋರಿಸಿದ್ರೂ ವ್ರತ ಕೆಡುತ್ತೇನೋ ಅಂತ ಕೈನೂ ಎತ್ತಲಿಲ್ಲ. ನಿಂಗನ ಮೂಗಿನ ಮುಂದೆಯೇ ಎತ್ತು ಹಾದು ಹೋಗಿತ್ತು, ಅವನ ಕಣ್ಣು ಮುಚ್ಚಿತ್ತು.

ಇನ್ನೇನು ಮಾಡ್ತಾಳೆ, ಬಾಣಂತಿ ಕಾಯ್ತಿದಾಳೆ, ತಾನೇ ನೊಗಕ್ಕೆ ಹೆಗಲು ಕೊಟ್ಲಂತೆ. ಎತ್ತು ಸುತ್ತೋ ಗಾಣಾನ ಆ ಹೆಂಗಸು ಸುತ್ತಿದ್ಲು. ಸುತ್ತಿ ಸುತ್ತಿ ಹೆಗಲ ಚರ್ಮ ಸುಲಿದು ಬಂತು. ಸಿದ್ದ ಗಾಣದ ಹತ್ರ ಇರುವೆ ಸಾಲು ಕಂಡು, ತುಳಿದುಬಿಟ್ಟೇನು ಅಂತ ಕಾಲೆತ್ತಿ ದಾಟಿ, ಅವಕ್ಕೆ ಒಂದು ಹಿಡಿ ಹಿಟ್ಟು ಹಾಕಿ ಒಳಗೆ ಹೋದ್ನಂತೆ. ಇರುವೆ ಕಂಡ್ವು ಆ ಪುಣ್ಯಾತ್ಮನಿಗೆ, ಹೆತ್ತೋಳು ಕಾಣಲಿಲ್ಲ. ಮಾದ ಕಣ್ಣಾರೆ ನೋಡ್ತಾ ನಿಂತಿದ್ದ, ಬಿಡಮ್ಮ ನಾನು ಎಳೀತೀನಿ ಅನ್ನೋಕೆ ಅವನಿಗೆ ನಾಲಿಗೆ ಇರಲಿಲ್ಲ. ನಿಂಗ ಮಾತ್ರ ಕೂತಲ್ಲಿಂದಲೇ, ಕಣ್ಣೂ ಬಿಡದೆ, ಅಮ್ಮಾ, ಗಾಣ ಕಿರ್ರ್ ಅಂತಿದೆ, ನನ್ನ ಮನಸ್ಸು ನಿಲ್ತಿಲ್ಲ, ಸ್ವಲ್ಪ ಮೆಲ್ಲಗೆ ತಿರುಗು ಅಂದ್ನಂತೆ.

ಸಾಕಮ್ಮನಿಗೆ ಮೈಯೆಲ್ಲ ಉರಿದುಹೋಯ್ತು. ಆದ್ರೂ ಎಣ್ಣೆ ಇಳಿಸಿ, ಗೌರಿಗೆ ಕೊಟ್ಟು, ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಗುಡ್ಡ ಹತ್ತಿದ್ಲಂತೆ. ಅಲ್ಲಿ ನೋಡಿದ್ರೆ ಕೆಂಚ. ಯೋಗಿಯ ನೆಲ್ಲಿಮರಕ್ಕೆ ಸುಮ್ನೆ ಸುತ್ತು ಹಾಕ್ತಿದೆ, ಗಾಣದ ಸುತ್ತು ಬಿಟ್ಟು ಬೇರೆ ದಾರಿ ಕಂಡಿರದ ಬಡಪ್ರಾಣಿ. ಯೋಗಿ ಕೂತು ತನ್ನ ಮಡಕೆ ತಿಕ್ಕುತ್ತಿದ್ನಂತೆ. ಸಾಕಮ್ಮ ನಮಸ್ಕಾರನೂ ಮಾಡಲಿಲ್ಲ. ಏನಯ್ಯಾ ಕಲಿಸಿದೆ ನನ್ನ ಮಕ್ಕಳಿಗೆ ಅಂತ ಸೆರಗು ಸರಿಸಿ ಹೆಗಲು ತೋರಿಸಿದ್ಲಂತೆ.

ಯೋಗಿ ಮಡಕೆ ಕೆಳಗಿಟ್ಟ. ದೊಡ್ಡವನಿಗೆ ಸುಳ್ಳಾಡಬೇಡ ಅಂದಿದ್ದೆ ಕಣಮ್ಮ, ಮಾತೇ ಆಡದಿರೋದು ಅವನಿಗೆ ಸುಲಭ ಅನ್ನಿಸ್ತು. ನಡುವಿನವನಿಗೆ ನಿನ್ನಿಂದ ಯಾರಿಗೂ ನೋವಾಗದ ಹಾಗೆ ಇರು ಅಂದಿದ್ದೆ. ಚಿಕ್ಕವನಿಗೆ, ಕೈ ಏನು ಮಾಡ್ತಿದೆಯೋ ಮನಸ್ಸೂ ಅಲ್ಲೇ ಇರ್ಲಿ ಅಂದಿದ್ದೆ, ಅವನು ಕೈಗೆ ಕೆಲಸನೇ ಕೊಡಲಿಲ್ಲ. ನಡಿ, ನಾನೇ ಬಂದು ಬುದ್ಧಿ ಹೇಳ್ತೀನಿ ಅಂದ್ನಂತೆ. ನೀನು ಹೇಳಿದ್ದು ಸಾಕು, ಇನ್ನು ನಾನು ಕಲಿಸ್ತೀನಿ ಅಂದ್ಲಂತೆ ಸಾಕಮ್ಮ. ಹಾಗಾದ್ರೆ ಎತ್ತನ್ನಾದ್ರೂ ಹೊಡ್ಕೊಂಡು ಹೋಗು ಅಂದ್ರೆ, ಇರ್ಲಿ ಬಿಡು, ಅದಕ್ಕೂ ವಯಸ್ಸಾಯ್ತು, ಇಲ್ಲೇ ಮೇಯ್ಲಿ, ಮನೇಲಿ ಮೂರು ಹೋರಿ ಸಾಕಿದೀನಿ ಅಂದ್ಲಂತೆ.

ಮಾರನೇ ದಿನ ಬೆಳಿಗ್ಗೆ ಒರಳಿಗೆ ಎಳ್ಳು ಸುರಿದು, ಮೂವರನ್ನೂ ಕರೆದು ನೊಗ ತೋರಿಸಿದ್ಲಂತೆ. ಊಟ ಬೇಕಿದ್ರೆ ಹೆಗಲು ಕೊಡಿ ಅಂದ್ಲು, ಅಷ್ಟೇ. ಒಲೆ ಹಚ್ಚಿರಲಿಲ್ಲ, ಅದನ್ನ ನೋಡಿ ಮೂವರೂ ಬಂದ್ರು. ನಿಂಗ ಕಣ್ಣು ಮುಚ್ಕೊಂಡೇ ಹೆಜ್ಜೆ ಹಾಕೋಕೆ ಹೋದ, ಗಾಣದ ಮರ ಮೊಣಕಾಲಿಗೆ ಬಡೀತು, ಆಮೇಲೆ ಕಣ್ಣು ಬಿಟ್ಕೊಂಡೇ ನಡೆದ. ಬಿಸಿಲೇರಿತು. ಹೆಗಲು ಕೆಂಪಗಾಯ್ತು, ಆಮೇಲೆ ಸುಲೀತು. ಸಿದ್ದನಿಗೆ ನೊಗದ ಮೇಲೆ ಒಣಗಿದ್ದ ರಕ್ತದ ಕಲೆ ಕಣ್ಣಿಗೆ ಬಿತ್ತು, ಯಾರದು ಅಂತ ಕೇಳಬೇಕಾಗಿರಲಿಲ್ಲ, ತಲೆ ತಗ್ಗಿಸಿದ. ಕೊನೆಗೆ ಮಾದನೇ ಬಾಯಿ ಬಿಟ್ಟ, ಮೌನ ಹಿಡಿದ ಮೇಲೆ ಅವನು ಆಡಿದ ಮೊದಲ ಮಾತು ಅದು. ಅಮ್ಮಾ, ಹೆಗಲು ಉರೀತಿದೆ ಅಂದ.

ಹೌದಪ್ಪ, ಉರಿಯುತ್ತೆ, ಅಂದ್ಲಂತೆ ಸಾಕಮ್ಮ.

ಆ ಸಂಜೆ ಮೂವರೂ ಹೊಸ ಎಣ್ಣೆ ಬಿಸಿ ಮಾಡಿ ಮೊದಲು ಅಮ್ಮನ ಹೆಗಲಿಗೆ ಹಚ್ಚಿದ್ರಂತೆ, ಆಮೇಲೆ ತಮ್ಮದಕ್ಕೆ. ಅವತ್ತಿಂದ ಸರದಿ ಮೇಲೆ ಗಾಣ ಸುತ್ತಿದ್ರು, ಸಾಕಮ್ಮ ದಿನಾ ಮಧ್ಯಾಹ್ನ ನೆಮ್ಮದಿಯಾಗಿ ಒಂದು ನಿದ್ದೆ ತೆಗೀತಿದ್ಲಂತೆ. ಅಲ್ಲಿಗೆ ಅವರ ಕತೆ ಮುಗೀತು, ಇನ್ನು ನೀನೂ ಮಲಗು.